ನಿಮ್ಮ ಜೇಬಿನೊಳಗಿನ ಬೋರ್ಡು ಯಾವ ಭಾಷೆಯಲ್ಲಿದೆ?

ಕನ್ನಡದ ಹುಡುಗರೇ, ಹುಡುಗಿಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರೂ ಅಲ್ಲ, ಪ್ರೊಫೆಸರೂ ಅಲ್ಲ. ಬಂಕಾಪುರದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ನನ್ನ ಓದು ಪಿಯುಸಿಗೇ ನಿಂತಿತು. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಚುನಾವಣೆ ಬಂದರೆ ಒಂದಿಷ್ಟು ಪೋಸ್ಟರು... ಇದೇ ನನ್ನ ಅನ್ನ. ರಾಜ್ಯೋತ್ಸವ ಬಂದಾಗ ನಿಮ್ಮಂಥ ಹುಡುಗರ ಸಂಘಗಳಿಗೆ ಹಳದಿ-ಕೆಂಪು ಕರಪತ್ರ ಅಚ್ಚು ಹಾಕಿಕೊಟ್ಟು, ಅರ್ಧ ದುಡ್ಡು ಇವತ್ತಿಗೂ ಬರಬೇಕಾದವನು!

ಹೆದರಬೇಡಿ, ಇವತ್ತು ಆ ಬಾಕಿ ಕೇಳಲು ಬರೆಯುತ್ತಿಲ್ಲ. ಕೇಳಬೇಕಾದ ಬಾಕಿ ಬೇರೆ ಇದೆ.

2024ರಲ್ಲಿ ನಮ್ಮ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದು, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಲೇಬೇಕು ಅಂತ ಗಟ್ಟಿ ಮಾಡಿತು. ಅದಕ್ಕೂ ಮುಂಚೆ, 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಏನಾಯಿತು ಅನ್ನುವುದು ನಿಮಗೇ ಗೊತ್ತು. ನಿಮ್ಮಲ್ಲಿ ಕೆಲವರು ಅಲ್ಲೇ ಇದ್ದಿರಬಹುದು. ಬೋರ್ಡಿನ ಮೇಲೆ ಕನ್ನಡ ಕಾಣಲಿ ಅನ್ನುವ ಆಸೆ ನನಗೂ ಇದೆ. ಬೋರ್ಡು, ಬ್ಯಾನರು ನನ್ನ ಕಸುಬಿನ ಭಾಗವೇ.

ಈಗ ನನ್ನ ಪ್ರಶ್ನೆ. ನಿಮ್ಮ ಜೇಬಿನಲ್ಲೂ ಒಂದು ಬೋರ್ಡಿದೆ. ಬೀದಿಯ ಬೋರ್ಡನ್ನು ನೀವು ದಿನಕ್ಕೆ ಒಂದು ಸಲ ನೋಡಿದರೆ, ಇದನ್ನು ನೂರು ಸಲ ನೋಡುತ್ತೀರಿ. ಅದರಲ್ಲಿ ಕನ್ನಡ ಶೇಕಡಾ ಎಷ್ಟು? ಈಗಲೇ ತೆಗೆದು ನೋಡಿ. ನಿಮ್ಮ ಬ್ರೌಸರು ನಿಮ್ಮ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿದೆ? ನೋಡಿದಿರಾ? ಸರಿ, ಈಗ ಮುಂದೆ ಓದಿ.

ಹುಬ್ಬಳ್ಳಿಯಿಂದ ಬಂದ ಪೆನ್ ಡ್ರೈವು

2010ರ ಜುಲೈ ತಿಂಗಳು. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ‘ಎಪಿಕ್’ ಎಂಬ ಹೊಸ ಬ್ರೌಸರನ್ನು ಬಿಡುಗಡೆ ಮಾಡಿತು. ಭಾರತದವರಿಗಾಗಿ ಮಾಡಿದ ಬ್ರೌಸರು, ಅದೂ ನಮ್ಮ ರಾಜಧಾನಿಯಲ್ಲೇ ತಯಾರಾದದ್ದು, ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಬಹುದು ಅಂತ ಪತ್ರಿಕೆಯಲ್ಲಿ ಓದಿದೆ. ಮೊಝಿಲ್ಲಾದವರ ಫೈರ್‌ಫಾಕ್ಸ್ ಎಂಬ ಬಿಟ್ಟಿ ತಂತ್ರಾಂಶದ ಮೇಲೆ ಕಟ್ಟಿದ್ದರಂತೆ. ಒಳಗೇ ವೈರಸ್ ಹಿಡಿಯುವ ವ್ಯವಸ್ಥೆ, ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ, ನಮ್ಮ ದೇಶದ ಚಿತ್ರಗಳ ಅಲಂಕಾರ, ಎಲ್ಲ ಇತ್ತು.

ಆಗ ನನಗೆ ಮೂವತ್ತರ ಆಸುಪಾಸು. ಪ್ರೆಸ್ಸಿನಲ್ಲಿ ಇಂಟರ್ನೆಟ್ ಇತ್ತು, ಆದರೆ ಹೆಸರಿಗೆ ಮಾತ್ರ. ಮಳೆ ಬಂದರೆ ಹೋಗುತ್ತಿತ್ತು, ಗಾಳಿ ಬಂದರೆ ಹೋಗುತ್ತಿತ್ತು, ಏನೂ ಬರದಿದ್ದರೂ ಹೋಗುತ್ತಿತ್ತು. ಹುಬ್ಬಳ್ಳಿಗೆ ಕಾಗದ ತರಲು ಹೋದಾಗ ಅಲ್ಲಿನ ಸೈಬರ್ ಅಂಗಡಿಯಲ್ಲಿ ಕೂತು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದೆ. ಕಾಗದದ ರೀಮುಗಳ ಜೊತೆ ಅದೂ ಬಸ್ಸಿನಲ್ಲಿ ಬಂತು.

ರಾತ್ರಿ ಅಂಗಡಿಯ ಶಟರು ಅರ್ಧ ಇಳಿಸಿ, ಹಾಕಿ ನೋಡಿದೆ. ಮೊದಲ ನೋಟಕ್ಕೆ ಜಾತ್ರೆಯ ಅಂಗಡಿ ಹಾಗೆ ಕಂಡಿತು. ಅಷ್ಟೊಂದು ಗುಂಡಿಗಳು! ಯಾವುದನ್ನು ಒತ್ತಿದರೆ ಏನಾದೀತೋ ಅನ್ನುವ ಭಯ. ಆದರೆ ಪಟ್ಟಿಯಲ್ಲಿ ಕನ್ನಡ ಅಂತ ಆರಿಸಿ, ಒಂದು ಖಾಲಿ ಜಾಗದಲ್ಲಿ ನಮ್ಮೂರ ಹೆಸರು ಟೈಪ್ ಮಾಡಿದೆ. ‘ಬಂಕಾಪುರ’ ಅಂತ ಬಂತು!

ನಿಮಗೆ ನಗು ಬರಬಹುದು. ಹುಟ್ಟಿದಾಗಿನಿಂದ ಮೊಬೈಲಿನಲ್ಲಿ ಕನ್ನಡ ಕಂಡವರು ನೀವು. ನಾನು ಹಾಗಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬೇಕೆಂದರೆ ಬೇರೆ ತಂತ್ರಾಂಶ ಹಾಕಬೇಕು, ಬೇರೆ ಫಾಂಟು ಹಾಕಬೇಕು, ಅದರಲ್ಲಿ ಟೈಪ್ ಮಾಡಿದ್ದು ಅದರಲ್ಲೇ ಕಾಣಬೇಕು ಅನ್ನುವ ಕಾಲದಲ್ಲಿ ಕಸುಬು ಕಲಿತವನು. ಯಾವ ಪುಟದಲ್ಲಾದರೂ ನೇರವಾಗಿ ನಮ್ಮೂರ ಹೆಸರು ನಮ್ಮ ಲಿಪಿಯಲ್ಲಿ ಮೂಡುವುದು ನನಗೆ ಅವತ್ತು ಸಣ್ಣ ಸಂಗತಿಯಾಗಿರಲಿಲ್ಲ.

ಆಮೇಲೆ ಎರಡನೆಯ ಶಬ್ದ ಟೈಪ್ ಮಾಡಿದೆ. ‘ಕನ್ನಡ’ ಅಂತ. ಅಲ್ಲೇ ಎಡವಟ್ಟಾಯಿತು.

ಒತ್ತು ಇಳಿಯದ ಕನ್ನಡ

ನ-ಕಾರದ ಒತ್ತು ಕೆಳಗೆ ಇಳಿಯಲೇ ಇಲ್ಲ. ಒಂದು ನ, ಅದರ ಪಕ್ಕ ಒಂದು ಕೊಂಡಿ, ಅದರ ಪಕ್ಕ ಇನ್ನೊಂದು ನ, ಹೀಗೆ ಸಾಲಾಗಿ ನಿಂತುಬಿಟ್ಟವು. ಕನ್ನಡ ಎಂಬ ಶಬ್ದವೇ ಕನ್ನಡವಾಗಿ ಕಾಣುತ್ತಿಲ್ಲ! ಬ್ರೌಸರಿಗೆ ಬೈದೆ. ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು, ತಪ್ಪು ಅದರದ್ದಲ್ಲ, ನನ್ನ ಕಂಪ್ಯೂಟರಿನದು. ಆಗ ನನ್ನಲ್ಲಿದ್ದದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ಅದರ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟು ಇತ್ತು. ಆದರೆ ಒತ್ತಕ್ಷರಗಳನ್ನು ಜೋಡಿಸುವ ಶಕ್ತಿಗೆ ಬೀಗ ಹಾಕಿಟ್ಟಿದ್ದರು! ಭಾಷೆಗಳ ಸೆಟ್ಟಿಂಗಿಗೆ ಹೋಗಿ, ‘ಸಂಕೀರ್ಣ ಲಿಪಿ’ಗಳ ಮುಂದಿನ ಚೌಕದಲ್ಲಿ ಟಿಕ್ ಮಾಡಿ, ಎಕ್ಸ್‌ಪಿಯ ಸಿಡಿ ಹಾಕಿದರೆ ಮಾತ್ರ ಬೀಗ ತೆಗೆಯುತ್ತಿತ್ತು. ಸಾವಿರ ವರ್ಷ ಕಲ್ಲಿನ ಮೇಲೆ ಒತ್ತು ಕೊರೆದ ನಾಡಿನವರು, ಒತ್ತು ಇಳಿಸಲು ಒಂದು ಸಿಡಿ ಹುಡುಕಬೇಕಾಗಿ ಬಂತು ನೋಡಿ!

ಸಿಡಿ ಸಿಕ್ಕಿತು. ಹಾಕಿದೆ. ಒತ್ತು ಇಳಿಯಿತು. ನನಗೆ ಆಗ ನೆನಪಾದದ್ದು ನಮ್ಮಪ್ಪ.

ಅಪ್ಪನ ಕಾಲದಲ್ಲಿ ನಮ್ಮದು ಟ್ರೆಡಲ್ ಪ್ರೆಸ್ಸು. ಇಂಗ್ಲಿಷ್ ಕಂಪೋಸಿಂಗ್ ಮಾಡುವವನಿಗೆ 26 ದೊಡ್ಡಕ್ಷರ, 26 ಸಣ್ಣಕ್ಷರ, ಒಂದಿಷ್ಟು ಚಿಹ್ನೆ ಇದ್ದರೆ ಸಾಕು. ಕನ್ನಡದವನ ಮುಂದೆ ನೂರಾರು ಖಾನೆ. ಮೂಲ ಅಕ್ಷರದ ಮೊಳೆ ಬೇರೆ, ಗುಣಿತದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ. ಅಪ್ಪ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಮೊಳೆಯೇ ಬರುತ್ತಿತ್ತು. ಮೊಳೆಗಳ ನಡುವೆ ಅಚ್ಚಾಗದ ಸೀಸದ ತುಂಡು ಇಡುತ್ತಿದ್ದರು, ಜಾಗ ಬಿಡಿಸುವುದಕ್ಕೆ. ಕಾಗದದ ಮೇಲೆ ಅದು ಕಾಣುವುದಿಲ್ಲ, ಆದರೆ ಅದಿಲ್ಲದಿದ್ದರೆ ಸಾಲು ನಿಲ್ಲುವುದಿಲ್ಲ.

ಈಗಿನ ಬ್ರೌಸರುಗಳ ಒಳಗೂ ಒಬ್ಬ ಕಂಪೋಸಿಟರ್ ಕೂತಿದ್ದಾನೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಅಲ್ಲಿ ಕ-ಕಾರಕ್ಕೆ ಒಂದು ಸಂಖ್ಯೆ, ನ-ಕಾರಕ್ಕೆ ಒಂದು ಸಂಖ್ಯೆ, ಒತ್ತು ಮಾಡು ಅನ್ನುವ ಕೊಂಡಿಗೆ ಒಂದು ಸಂಖ್ಯೆ. ಈ ಸಂಖ್ಯೆಗಳ ಸಾಲು ಬಂದಾಗ ಯಾವುದನ್ನು ಕೆಳಗಿಡಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಅಂತ ಜೋಡಿಸುವ ಕೆಲಸ ಈ ಕಂಪೋಸಿಟರನದು. ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಈ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ತಂತ್ರಾಂಶ. ಎಲ್ಲರಿಗೂ ಬಿಟ್ಟಿ, ಮುಕ್ತ. ಹೆಸರು ಪಾರಸಿಯದು, ‘ಹರ್ಫ್’ ಅಂದರೆ ಅಕ್ಷರ. ಸವಣೂರು ನವಾಬರ ಸೀಮೆಯವರಾದ ನಮಗೆ ಪಾರಸಿ ಶಬ್ದ ಹೊಸದೇನಲ್ಲ ಬಿಡಿ! ಅಪ್ಪನ ಸೀಸದ ತುಂಡು ಕೂಡ ಇಲ್ಲಿದೆ. ‘ಸಾಫ್ಟ್‌ವೇರ್’ ಎಂಬ ಶಬ್ದದಲ್ಲಿ ಟ-ಕಾರಕ್ಕೆ ವ-ಕಾರ ಒತ್ತಾಗಿ ಅಂಟದಂತೆ ನಡುವೆ ಕಾಣದ ಒಂದು ಗುರುತು ಇಡಬೇಕು. ಕಣ್ಣಿಗೆ ಕಾಣುವುದಿಲ್ಲ, ಆದರೆ ಸಾಲನ್ನು ನಿಲ್ಲಿಸುವುದು ಅದೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬ್ರೌಸರಿನಲ್ಲಿ ಕನ್ನಡ ಕಾಣುವುದು ತಾನಾಗಿ ಆದದ್ದಲ್ಲ. ಯಾರೋ ಕೂತು ಮಾಡಿದ್ದಾರೆ. 1996ರ ಡಿಸೆಂಬರಿನಲ್ಲಿ ಯು.ಬಿ. ಪವನಜ ಅವರು ‘ವಿಶ್ವ ಕನ್ನಡ’ ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ತಂದಾಗ ಇಂಥ ಯಾವ ಅನುಕೂಲವೂ ಇರಲಿಲ್ಲ. ಪುಟದ ಜೊತೆಗೇ ಫಾಂಟನ್ನೂ ಕಳಿಸಬೇಕಾದ ಕಾಲ ಅದು. ನೆಟ್‌ಸ್ಕೇಪ್‌ಗೆ ಒಂದು ನಮೂನೆ, ಎಕ್ಸ್‌ಪ್ಲೋರರ್‌ಗೆ ಇನ್ನೊಂದು ನಮೂನೆ. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದು. ಅಂಥ ಕಾಲದಲ್ಲೂ ಮಾಡಿದವರಿದ್ದರು.

ಬಂದ ಕನ್ನಡ ಹೋಯಿತು

ಎಪಿಕ್ ಕಥೆಗೆ ಬರೋಣ. ಮೂರು ವರ್ಷ ಕಳೆಯಿತು. 2013ರಲ್ಲಿ ಆ ಕಂಪನಿ ತನ್ನ ಬ್ರೌಸರನ್ನು ಬುಡದಿಂದ ಬದಲಾಯಿಸಿತು. ಫೈರ್‌ಫಾಕ್ಸ್ ಬುನಾದಿ ಬಿಟ್ಟು ಕ್ರೋಮಿಯಂ ಬುನಾದಿಗೆ ಹೋಯಿತು. ಈಗ ಅದು ಗೋಪ್ಯತೆಯ ಬ್ರೌಸರು. ನಿಮ್ಮ ಓಡಾಟವನ್ನು ಯಾರೂ ಹಿಂಬಾಲಿಸದಂತೆ ಕಾಯುವುದು ಅದರ ಕೆಲಸ, ಗಿರಾಕಿ ಇಡೀ ಜಗತ್ತು. ಪಕ್ಕದ ಪಟ್ಟಿ, ಭಾರತೀಯ ಅಲಂಕಾರ, ಭಾಷೆಗಳ ಟೈಪಿಂಗು ಎಲ್ಲ ಹೋಯಿತು. ಗೋಪ್ಯತೆಯ ಕಾರಣಕ್ಕೇ ತೆಗೆದೆವು ಅಂದರು.

ನಾನು ಆ ಕಂಪನಿಯನ್ನು ಬೈಯಲು ಬಂದಿಲ್ಲ. ಅದು ವ್ಯಾಪಾರ. ಗೋಪ್ಯತೆ ಕಾಯುವುದೂ ಒಳ್ಳೆಯ ಕೆಲಸವೇ. ನಾನು ಬೈಯುತ್ತಿರುವುದು ನನ್ನನ್ನು. ಮೂರು ವರ್ಷದಲ್ಲಿ ನಾನು ಅವರಿಗೆ ಒಂದು ಪತ್ರ ಬರೆದೆನೇ? ‘ಸ್ವಾಮಿ, ನಿಮ್ಮ ಕನ್ನಡ ಟೈಪಿಂಗ್ ನನಗೆ ಉಪಯೋಗಕ್ಕೆ ಬಂತು, ಇದನ್ನು ಬಿಡಬೇಡಿ’ ಅಂತ ಒಂದು ಸಾಲು? ಇಲ್ಲ. ಆರು ತಿಂಗಳು ಖುಷಿಯಿಂದ ಆಡಿದೆ, ಆಮೇಲೆ ಎಲ್ಲರೂ ಕ್ರೋಮ್ ಅಂದರು, ನಾನೂ ಕ್ರೋಮ್ ಅಂದೆ. ಕನ್ನಡ ಹೋದದ್ದೇ ನನಗೆ ಬಹಳ ದಿನ ಗೊತ್ತಾಗಲಿಲ್ಲ!

ಇದರಿಂದ ನಾನು ಕಲಿತದ್ದು ಇಷ್ಟು. ಯಾರೋ ಅಲಂಕಾರಕ್ಕೆಂದು ಇಟ್ಟ ಕನ್ನಡವನ್ನು ಅವರೇ ಇನ್ನೊಂದು ದಿನ ತೆಗೆಯಬಹುದು. ದಿನನಿತ್ಯ ಉಪಯೋಗಿಸಿ, ಕೇಳಿ, ಜಗಳಾಡಿ ಉಳಿಸಿಕೊಂಡ ಕನ್ನಡವನ್ನು ತೆಗೆಯುವುದು ಅಷ್ಟು ಸುಲಭವಲ್ಲ. ಬೋರ್ಡಿನ ವಿಷಯದಲ್ಲಿ ನಿಮಗೆ ಇದು ಗೊತ್ತು. ಬ್ರೌಸರಿನ ವಿಷಯದಲ್ಲಿ ಯಾಕೆ ಮರೆಯುತ್ತೀರಿ?

ಪಿ, ಪೌಂಡು, ಕ್ಯೂ

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯುವುದಕ್ಕೆ ಮನಸ್ಸಿರಲಿಲ್ಲ, ಆದರೆ ಬರೆಯದಿದ್ದರೆ ಉಳಿದದ್ದೆಲ್ಲ ಬರೀ ಭಾಷಣವಾಗುತ್ತದೆ.

2004ರಲ್ಲಿ ನಮ್ಮ ಕಡೆಯ ಒಂದು ಶಾಲೆಯ ಸ್ಮರಣ ಸಂಚಿಕೆ ನನ್ನ ಪ್ರೆಸ್ಸಿನಲ್ಲೇ ಅಚ್ಚಾಯಿತು. ಅದರಲ್ಲಿ ನಿವೃತ್ತ ಮಾಸ್ತರರೊಬ್ಬರು 14 ಪುಟದ ಲೇಖನ ಬರೆದಿದ್ದರು. ನಮ್ಮೂರ ಕೆರೆ, ಬಾವಿ, ಕೋಟೆಯೊಳಗಿನ ಅರವತ್ತು ಕಂಬದ ಗುಡಿ, ಅವರು ಸಣ್ಣವರಿದ್ದಾಗ ಊರಲ್ಲಿದ್ದ ಕಸುಬುಗಳು, ಓಣಿಗಳ ಹಳೆಯ ಹೆಸರುಗಳು. ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ. ಮಾಸ್ತರರು ತೀರಿಕೊಂಡರು. ಸಂಚಿಕೆಯ ಪ್ರತಿಗಳು ಒಂದೊಂದಾಗಿ ಗೆದ್ದಲಿಗೆ, ಮಳೆಗೆ, ರದ್ದಿಗೆ ಹೋದವು. ಕೆಲವು ವರ್ಷಗಳ ಹಿಂದೆ ಅವರ ಮೊಮ್ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಅಜ್ಜನ ಲೇಖನ ಬೇಕು, ಮನೆಯಲ್ಲಿ ಒಂದು ಪ್ರತಿಯೂ ಉಳಿದಿಲ್ಲ ಅಂದಳು. ನಾನು ಹೆಮ್ಮೆಯಿಂದ, ‘ಚಿಂತಿ ಮಾಡಬ್ಯಾಡವ್ವ, ಸಿಡಿಯೊಳಗ ಜೋಪಾನ ಇಟ್ಟೇನಿ’ ಅಂದೆ. ಹುಡುಕಿ, ಅದರ ಅಕ್ಷರವನ್ನೆಲ್ಲ ಎತ್ತಿ, ಮೇಲ್ ಮಾಡಿದೆ.

ಹತ್ತು ನಿಮಿಷಕ್ಕೆ ಫೋನ್ ಬಂತು. ‘ಅಂಕಲ್, ಇದು ಯಾವ ಭಾಷಾರೀ?’

ನಾನೂ ನನ್ನ ಬ್ರೌಸರಿನಲ್ಲಿ ತೆರೆದು ನೋಡಿದೆ. ‘ಕನ್ನಡ’ ಎಂಬ ಶಬ್ದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಆಮೇಲೆ ಒಂದು ಕ್ಯೂ! 14 ಪುಟವೂ ಹೀಗೇ.

ಕಾರಣ ಹೇಳುತ್ತೇನೆ ಕೇಳಿ. ಆಗ ನಾವು ಪ್ರೆಸ್ಸಿನವರು ಬಳಸುತ್ತಿದ್ದ ಹಳೆಯ ಫಾಂಟುಗಳಲ್ಲಿ ಕನ್ನಡ ಅನ್ನುವುದು ಬರೀ ವೇಷ. ಒಳಗೆ ಇರುವುದು ಇಂಗ್ಲಿಷ್ ಪಿ, ಅದಕ್ಕೆ ಕ-ಕಾರದ ಅಂಗಿ ತೊಡಿಸಿದ್ದಾರೆ. ಒಳಗೆ ಪೌಂಡ್ ಗುರುತು, ಮೇಲೆ ನ-ಕಾರದ ಅಂಗಿ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಎಲ್ಲ ಚೆಂದ. ಫಾಂಟು ತೆಗೆದರೆ ಅಂಗಿ ಬಿಚ್ಚಿದ ಹಾಗೆ. ಬ್ರೌಸರಿನಲ್ಲಿ ಕಾಣದು, ಹುಡುಕಿದರೆ ಸಿಗದು. ಆ ಕಾಲಕ್ಕೆ ಅದೇ ದಾರಿ ಇತ್ತು, ಒಪ್ಪುತ್ತೇನೆ; ಆ ಫಾಂಟುಗಳು ಇಲ್ಲದಿದ್ದರೆ ಕನ್ನಡದ ಡಿಟಿಪಿಯೇ ಇರುತ್ತಿರಲಿಲ್ಲ. ಆದರೆ ಯೂನಿಕೋಡ್ ಕೈಗೆ ಬಂದ ಮೇಲೂ, ‘ನಮಗೆ ಅಚ್ಚಾದರೆ ಸಾಕು’ ಅಂತ ವರ್ಷಗಟ್ಟಲೆ ಹಳೆಯದರಲ್ಲೇ ಮುಂದುವರಿದೆನಲ್ಲ, ಅದಕ್ಕೆ ಏನು ಹೇಳಲಿ?

ನಮ್ಮ ಬಂಕಾಪುರದ ಕೋಟೆಯೊಳಗೆ ಹಳಗನ್ನಡದ ಶಾಸನಗಳಿವೆ. ಚಾಲುಕ್ಯರ ಕಾಲದ ಕಲ್ಲುಕುಟಿಗ ಕೊರೆದದ್ದನ್ನು, ಲಿಪಿ ಕಲಿತವರು ಇವತ್ತೂ ಓದುತ್ತಾರೆ. ನಾನು 2004ರಲ್ಲಿ ಕೊರೆದದ್ದನ್ನು ಮಾಸ್ತರರ ಮೊಮ್ಮಗಳಿಗೇ ಓದಲಾಗಲಿಲ್ಲ. ಯಾರು ದೊಡ್ಡ ತಂತ್ರಜ್ಞ, ನೀವೇ ಹೇಳಿ!

ಸರಿಪಡಿಸಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ, ಶೇಷಾದ್ರಿವಾಸು ಅವರ ‘ಬರಹ’ದಲ್ಲಿ ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ವ್ಯವಸ್ಥೆ ಇದೆ. ತಿರುಗಿಸಿದ ಮೇಲೂ ಅಲ್ಲಲ್ಲಿ ಒತ್ತು ಜಾರಿತ್ತು, ಅರ್ಕಾವತ್ತು ತನ್ನ ಜಾಗ ಬಿಟ್ಟು ಕೂತಿತ್ತು. ಎರಡು ರಾತ್ರಿ ಕೂತು ಅಕ್ಷರ ಅಕ್ಷರ ತಿದ್ದಿ ಕಳಿಸಿದೆ. ಆ ಹುಡುಗಿ ಅದನ್ನು ಅಂತರಜಾಲಕ್ಕೆ ಏರಿಸಿದಳು. ಈಗ ನಮ್ಮೂರ ಓಣಿಯ ಹಳೆಯ ಹೆಸರು ಹಾಕಿ ಹುಡುಕಿದರೆ ಮಾಸ್ತರರು ಸಿಗುತ್ತಾರೆ. ಒಬ್ಬರು ಸಿಕ್ಕರು. ನನ್ನ ಕಪಾಟಿನಲ್ಲಿ ಇನ್ನೂ ಎರಡು ಡಬ್ಬಿ ಸಿಡಿಗಳಿವೆ. ಕರ್ನಾಟಕದ ಎಷ್ಟು ಪ್ರೆಸ್ಸುಗಳಲ್ಲಿ ಇಂಥ ಎಷ್ಟು ಡಬ್ಬಿಗಳಿರಬೇಡ?

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇವತ್ತಿಗೆ ಅದರ ಲೇಖನಗಳು ಮೂವತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ತೆಲುಗು ಒಂದು ಲಕ್ಷ ದಾಟಿದೆ, ತಮಿಳು ಒಂದೂವರೆ ಲಕ್ಷ ದಾಟಿದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ನಮ್ಮಲ್ಲಿ ಬರೆಯುವವರಿಲ್ಲವೇ? ಇದ್ದಾರೆ. ಬರೆದದ್ದು ಪಿ, ಪೌಂಡು, ಕ್ಯೂ ಆಗಿ ಡಬ್ಬಿಯೊಳಗೆ ಮಲಗಿದೆ.

‘ಕಡತ’ಕ್ಕೆ ಏನು ಕಡಿಮೆ?

ಆ ಘಟನೆಯ ನಂತರ ಹಟಕ್ಕೆ ಬಿದ್ದು ಫೈರ್‌ಫಾಕ್ಸ್ ಬ್ರೌಸರಿನ ಕನ್ನಡ ಆವೃತ್ತಿಯನ್ನೇ ಹಾಕಿಕೊಂಡೆ. ಇದು ಬೇರೆಯದೇ ಅನುಭವ. ಎಪಿಕ್‌ನಲ್ಲಿ ನನ್ನನ್ನು ಸೆಳೆದದ್ದು ಕನ್ನಡದಲ್ಲಿ ಬರೆಯುವುದು. ಇದು ತಾನೇ ಕನ್ನಡದಲ್ಲಿ ಮಾತಾಡುತ್ತದೆ. ಕಡತ, ಇತಿಹಾಸ, ಪುಟಗುರುತು... ಮೊದಲ ದಿನ ತಡವರಿಸಿದೆ, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ‘ಫೈಲ್’ ಅಂತ ಹುಡುಕಿದ ಕಣ್ಣಿಗೆ ‘ಕಡತ’ ಕಾಣಲಿಲ್ಲ. ಎರಡನೆಯ ದಿನ ನಗು ಬಂತು. ತಾಲ್ಲೂಕು ಕಚೇರಿಯಲ್ಲಿ ‘ನಿಮ್ಮ ಕಡತ ಸಿಗುತ್ತಿಲ್ಲ’ ಅಂತ ವರ್ಷಾನುಗಟ್ಟಲೆ ಕೇಳಿಸಿಕೊಂಡವನಿಗೆ ಇಲ್ಲಿ ಒಂದೇ ಒತ್ತಿಗೆ ಕಡತ ಸಿಕ್ಕಿತು! ನಾಲ್ಕನೆಯ ದಿನಕ್ಕೆ ಬೇರೆ ಬ್ರೌಸರಿನ ನೆನಪೇ ಆಗಲಿಲ್ಲ. ಈ ಕನ್ನಡವನ್ನು ಮಾಡಿದವರು ಸಂಬಳದ ನೌಕರರಲ್ಲ, ಕನ್ನಡದ ಸ್ವಯಂಸೇವಕರು. ಪಾಂಟೂನ್ ಎಂಬ ಮೊಝಿಲ್ಲಾದ ವೇದಿಕೆಯಲ್ಲಿ ಯಾರು ಬೇಕಾದರೂ ಸೇರಿ ಶಬ್ದ ಸೂಚಿಸಬಹುದು, ತಪ್ಪು ತಿದ್ದಬಹುದು.

‘ಮೆನು ಕನ್ನಡದಲ್ಲಿದ್ದರೆ ಹೊಟ್ಟೆ ತುಂಬುತ್ತದೆಯೇ?’ ಅಂತ ಕೇಳುವ ಜಾಣರಿದ್ದಾರೆ. ಅವರಿಗೆ ನನ್ನ ಬೈಂಡರಿನ ಕಥೆ ಹೇಳುತ್ತೇನೆ. ಏಳನೆಯ ತರಗತಿ ಓದಿದ ಮನುಷ್ಯ. ಕನ್ನಡ ಪತ್ರಿಕೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾನೆ. ಫೋನಿನಲ್ಲಿ ಏನೋ ನೋಡುವಾಗ ಬ್ರೌಸರು ಇಂಗ್ಲಿಷಿನಲ್ಲಿ ಏನೋ ಕೇಳಿತು. ‘ಅಲೋ’ ಅಂತ ನೀಲಿ ಗುಂಡಿ ಇತ್ತು, ಒತ್ತಿದ. ಮಾರನೆಯ ದಿನದಿಂದ ಹಗಲು-ರಾತ್ರಿ ಜೂಜಿನ, ಸಾಲದ, ಲಾಟರಿಯ ಸಂದೇಶಗಳ ಮಳೆ. ಅದರಲ್ಲೊಂದನ್ನು ನಂಬಿ 3,000 ರೂಪಾಯಿ ಕಳೆದುಕೊಂಡ. ಅವನ ಹತ್ತು ದಿನದ ಮನೆ ಖರ್ಚು ಅದು. ಆ ಪ್ರಶ್ನೆ ‘ಈ ತಾಣ ನಿಮಗೆ ಸಂದೇಶ ಕಳಿಸಲು ಅನುಮತಿ ಕೇಳುತ್ತಿದೆ’ ಅಂತ ಕನ್ನಡದಲ್ಲಿ ಇದ್ದಿದ್ದರೆ? ಅವನು ‘ಬೇಡ’ ಅನ್ನುತ್ತಿದ್ದ. ಅವನು ದಡ್ಡನಲ್ಲ, ಅವನನ್ನು ದಡ್ಡನನ್ನಾಗಿ ಮಾಡಿದ್ದು ಸೆಟ್ಟಿಂಗಿನ ಒಂದು ಸಾಲು. ಬ್ರೌಸರು ಅಂದರೆ ಬರೀ ಕಿಟಕಿಯಲ್ಲ, ಅದು ಬಾಗಿಲ ಕಾವಲುಗಾರ ಕೂಡ. ‘ಇದು ಮೋಸದ ತಾಣ, ಒಳಗೆ ಹೋಗಬೇಡ’ ಅಂತ ಎಚ್ಚರಿಸುವುದು ಅದೇ. ಕಾವಲುಗಾರ ನಮ್ಮ ಭಾಷೆಯಲ್ಲಿ ಕೂಗದಿದ್ದರೆ ಅವನು ಇದ್ದೂ ಏನು ಫಲ?

ಇನ್ನೊಂದು ಗುಂಪಿದೆ, ಅದು ನಮ್ಮದೇ ಗುಂಪು. ಬ್ರೌಸರಿಗೆ ಏನನ್ನಬೇಕು? ಜಾಲವೀಕ್ಷಕವೋ, ಜಾಲಶೋಧಕವೋ, ಜಾಲದರ್ಶಕವೋ? ಈ ಜಗಳದಲ್ಲೇ ಸಂಜೆಯಾಗುತ್ತದೆ! ಜನ ಬ್ರೌಸರು ಅಂದರೆ ಬ್ರೌಸರು ಅನ್ನಿ, ಬಸ್ಸು ಅಂದಹಾಗೆ, ಪ್ರೆಸ್ಸು ಅಂದಹಾಗೆ. ಒಳಗಿನ ಮಾತು ಕನ್ನಡವಾಗಿರಲಿ. ನಮ್ಮ ಕಸುಬಿನವನಾಗಿ ಹೇಳುತ್ತೇನೆ, ಟ್ಯಾಬಿಗೆ ‘ಹಾಳೆ’ ಅಂದರೆ ಏನು ಕಡಿಮೆ? ಆದರೆ ಹಾಳೆಯೋ ಟ್ಯಾಬೋ ಅಂತ ಬಡಿದಾಡುತ್ತಾ ಇಡೀ ಪುಸ್ತಕವನ್ನೇ ಇಂಗ್ಲಿಷಿಗೆ ಬಿಟ್ಟುಕೊಡಬೇಡಿ.

ಸ್ವದೇಶಿ ಅಂದರೆ ಯಾವ ಭಾಷೆ?

ಈಗ ಮತ್ತೆ ಸ್ವದೇಶಿ ಬ್ರೌಸರಿನ ಕಾಲ ಬಂದಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಭಾರತೀಯ ಬ್ರೌಸರ್ ತಯಾರಿಸುವ ಸ್ಪರ್ಧೆ ಇಟ್ಟಿತು. ನಡೆಸಿಕೊಟ್ಟದ್ದು ಬೆಂಗಳೂರಿನ ಸಿ-ಡ್ಯಾಕ್. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೋ ಸಂಸ್ಥೆಗೆ. ಅವರ ಬ್ರೌಸರಿನ ಹೆಸರು ಉಲಾ. ಇದಲ್ಲದೆ ಕೃತಕ ಬುದ್ಧಿಮತ್ತೆಯ ಬ್ರೌಸರುಗಳೂ ಹೊರಗಿನಿಂದ ಬರುತ್ತಿವೆ.

ನನ್ನ ಮಾತಿಷ್ಟೆ. ಸ್ವದೇಶಿ ಅನ್ನುವ ಚೀಟಿ ನೋಡಿ ಮರುಳಾಗಬೇಡಿ, ವಿದೇಶಿ ಅನ್ನುವ ಚೀಟಿ ನೋಡಿ ಓಡಬೇಡಿ. ಕನ್ನಡ ಮೆನು ಹೊತ್ತ ಫೈರ್‌ಫಾಕ್ಸ್ ಅಮೆರಿಕದ ಮೂಲದ್ದು. ಯಾವ ಹೊಸ ಬ್ರೌಸರು ಬಂದರೂ ಕಾಗದದ ರೀಮು ಬಂದಾಗ ನಾನು ಮೂಲೆ ಹರಿದು ನೋಡುತ್ತೇನಲ್ಲ, ಹಾಗೆ ನೀವೇ ಪರೀಕ್ಷೆ ಮಾಡಿ.

ಒಂದು, ಮೆನು, ಎಚ್ಚರಿಕೆ, ಅನುಮತಿಯ ಪ್ರಶ್ನೆಗಳು ಕನ್ನಡದಲ್ಲಿ ಬರುತ್ತವೆಯೇ? ಮುಖಪುಟದಲ್ಲಿ ಕನ್ನಡ, ಒಳಗೆ ಹೋದರೆ ಇಂಗ್ಲಿಷ್ ಅನ್ನುವ ಆಟ ಇದೆಯೇ?

ಎರಡು, ಒಂದು ಕನ್ನಡ ಪುಟ ತೆರೆದು, ಕಂಟ್ರೋಲ್ ಒತ್ತಿ ಎಫ್ ಒತ್ತಿ, ಒತ್ತಕ್ಷರ ಇರುವ ಒಂದು ಶಬ್ದ ಹುಡುಕಿ. ಸಿಗುತ್ತದೆಯೇ?

ಮೂರು, ವಿಳಾಸದ ಪಟ್ಟಿ ನೋಡಿ. ಕನ್ನಡ ವಿಕಿಪೀಡಿಯದಲ್ಲಿ ‘ಬಂಕಾಪುರ’ದ ಕೊಂಡಿಯನ್ನು ನಕಲು ಮಾಡಿ ಗೆಳೆಯನಿಗೆ ಕಳಿಸಿ. ಕನ್ನಡದ ಪ್ರತಿ ಗುರುತಿಗೂ ಕಂಪ್ಯೂಟರಿನೊಳಗೆ ಮೂರು ಬೈಟು ಬೇಕು. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಹೊತ್ತು ಮೂರು ಅಕ್ಷರವಾಗುತ್ತದೆ. ಏಳು ಗುರುತುಗಳ ನಮ್ಮೂರ ಹೆಸರು 63 ಅಕ್ಷರದ ಸರಪಳಿಯಾಗಿ ಹೋಗುತ್ತದೆ! ನೋಡಿದವನು ವೈರಸ್ ಅಂತ ಹೆದರಿ ಒತ್ತುವುದೇ ಇಲ್ಲ. ನಿಮ್ಮ ಬ್ರೌಸರು ಅದನ್ನು ಕನ್ನಡದಲ್ಲೇ ತೋರಿಸುತ್ತದೆಯೇ? ಇವತ್ತು ಕನ್ನಡ ಲಿಪಿಯಲ್ಲೇ ‘.ಭಾರತ’ ಎಂಬ ವಿಳಾಸವೂ ಇದೆ. ಅದು ಸರಿಯಾಗಿ ತೆರೆಯುತ್ತದೆಯೇ?

ನಾಲ್ಕು, ಪುಟವನ್ನು ಪಿಡಿಎಫ್ ಮಾಡಿ, ಅದರಿಂದ ಕನ್ನಡವನ್ನು ಮತ್ತೆ ನಕಲು ಮಾಡಿ ನೋಡಿ. ಮುದ್ರಕನಾಗಿ ಹೇಳುತ್ತೇನೆ, ಹೆಚ್ಚಿನವು ಎಡವುವುದು ಇಲ್ಲೇ. ಕಾಣುವಾಗ ಕನ್ನಡ, ಎತ್ತಿದರೆ ಚಿಂದಿ.

ಈ ನಾಲ್ಕರಲ್ಲಿ ಸೋತದ್ದು ಯಾವುದೇ ಆಗಲಿ, ಅದರ ಸೆಟ್ಟಿಂಗಿನಲ್ಲಿ ದೂರು ಬರೆಯುವ ಜಾಗ ಹುಡುಕಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. 2010ರಲ್ಲಿ ನಾನು ಬರೆಯದ ಪತ್ರವನ್ನು ನೀವು ಬರೆಯಿರಿ.

ಇವತ್ತು ಸಂಜೆಯೊಳಗೆ

ಕಲ್ಲು ಹೊಡೆಯಿರಿ, ಟಯರು ಸುಡಿ ಅಂತ ನಾನು ಹೇಳುತ್ತಿಲ್ಲ. ಎರಡು ನಿಮಿಷದ ಕೆಲಸ ಹೇಳುತ್ತಿದ್ದೇನೆ. ಬ್ರೌಸರಿನ ಸೆಟ್ಟಿಂಗ್ ತೆರೆಯಿರಿ. ಭಾಷೆಗಳು ಅನ್ನುವ ಜಾಗಕ್ಕೆ ಹೋಗಿ. ಕನ್ನಡವನ್ನು ಸೇರಿಸಿ, ಮೊದಲನೆಯ ಸ್ಥಾನಕ್ಕೆ ಎಳೆಯಿರಿ. ಇದರಿಂದ ಏನಾಗುತ್ತದೆ ಗೊತ್ತೇ? ನೀವು ಯಾವ ತಾಣದ ಬಾಗಿಲು ತಟ್ಟಿದರೂ, ನಿಮ್ಮ ಬ್ರೌಸರು ಒಳಗೆ ಹೋಗುವ ಮುಂಚೆ ‘ನಮ್ಮವರಿಗೆ ಮೊದಲು ಕನ್ನಡ ಬೇಕು’ ಅಂತ ಹೇಳುತ್ತದೆ. ಆ ತಾಣದಲ್ಲಿ ಕನ್ನಡ ಇದ್ದು, ಆ ಮಾತು ಕೇಳುವ ಏರ್ಪಾಡಿದ್ದರೆ ಕನ್ನಡವೇ ಬರುತ್ತದೆ. ಇಲ್ಲದಿದ್ದರೂ ಆ ಮಾತು ಅವರ ಬಾಗಿಲಿಗೆ ಮುಟ್ಟಿರುತ್ತದೆ. ಲಕ್ಷಾಂತರ ಫೋನುಗಳು ಇಂಗ್ಲಿಷ್ ಅಂತ ಹೇಳುತ್ತಿರುವಾಗ, ‘ಕರ್ನಾಟಕದಲ್ಲಿ ಕನ್ನಡ ಕೇಳುವವರೇ ಇಲ್ಲ’ ಅಂತ ಅವರು ಅಂದರೆ ತಪ್ಪು ಯಾರದು? ನಾವು ಬೀದಿಯಲ್ಲಿ ಕನ್ನಡ ಅಂತ ಕೂಗುತ್ತೇವೆ, ನಮ್ಮ ಜೇಬು ಮಾತ್ರ ಇಂಗ್ಲಿಷ್ ಅಂತ ಪಿಸುಗುಟ್ಟುತ್ತಿರುತ್ತದೆ. ಕಂಪನಿಗೆ ಕೇಳಿಸುವುದು ಜೇಬಿನ ಪಿಸುಮಾತೇ!

ಆಮೇಲೆ ನಿಮ್ಮ ಅವ್ವನ ಫೋನು, ಅಪ್ಪನ ಫೋನು, ಪಕ್ಕದ ಮನೆಯ ಅಜ್ಜನ ಫೋನು ತೆಗೆದುಕೊಂಡು ಅದೇ ಕೆಲಸ ಮಾಡಿಕೊಡಿ. ನನ್ನ ಬೈಂಡರಿನ ಫೋನಿಗೆ ನಾನು ಮಾಡಿಕೊಟ್ಟಿದ್ದೇನೆ. ಹೋದ ದುಡ್ಡು ಬರಲಿಲ್ಲ. ಆದರೆ ಮೊನ್ನೆ ಕೆಲಸದ ನಡುವೆ ಫೋನ್ ಹಿಡಿದು ಬಂದ. ‘ಸಾವಕಾರ್ರ, ಇದು ಏನೋ ಅನುಮತಿ ಕೇಳಾಕತ್ತೈತಿ, ಬ್ಯಾಡ ಅಂದೆ’ ಅಂದ. ಮುಖದಲ್ಲಿ ಒಂದು ಗೆಲುವಿತ್ತು.

ನಿಮ್ಮೂರಿನ ಹಳೆಯ ಪ್ರೆಸ್ಸಿನವರನ್ನೂ ಒಮ್ಮೆ ಹೋಗಿ ಕೇಳಿ, ‘ನಿಮ್ಮಲ್ಲಿ ಹಳೆಯ ಸಿಡಿಗಳಿವೆಯೇ?’ ಅಂತ. ಅವರು ಗೊಣಗುತ್ತಾರೆ, ನಾವೆಲ್ಲ ಗೊಣಗುವ ಜಾತಿಯೇ. ಬಿಡಬೇಡಿ, ಕೂತು ತಿರುಗಿಸಿಕೊಡಿ. ನನ್ನ ಎರಡು ಡಬ್ಬಿಗಳಿಗೂ ಕೈಗಳು ಬೇಕು. ಕೋಟೆಯ ನವಿಲು ನೋಡಲು ಬಂಕಾಪುರಕ್ಕೆ ಬಂದರೆ ಪ್ರೆಸ್ಸಿಗೂ ಬನ್ನಿ, ಚಹಾ ನನ್ನದು.

ಬರುವಾಗ ರಾಜ್ಯೋತ್ಸವದ ಕರಪತ್ರದ ಬಾಕಿ ತರದಿದ್ದರೂ ನಡೆದೀತು. ಫೋನಿನಲ್ಲಿ ಕನ್ನಡ ಹಾಕಿಕೊಂಡು ಬನ್ನಿ.